ಉಸಿರು ಕೇಳುವ ಕೆಲಸ

ರೆಫ್ರಿಯ ಕೆಲಸ ಕಣ್ಣಿನದು ಎಂದು ನಿಮಗೆ ಯಾರಾದರೂ ಹೇಳಿದ್ದರೆ ನಂಬಬೇಡಿ. ಕಣ್ಣು ಯಾರಿಗಿಲ್ಲ? ಕಟ್ಟೆಯ ಮೇಲೆ ಶೇಂಗಾ ತಿನ್ನುತ್ತ ಕೂತವನಿಗೂ ಇದೆ, ನಮಗಿಂತ ಅವನಿಗೇ ಚೆನ್ನಾಗಿ ಕಾಣುತ್ತದೆ ಎಂಬ ಸೊಕ್ಕೂ ಇದೆ. ಕಬಡ್ಡಿಯ ರೆಫ್ರಿಗೆ ಬೇಕಾದದ್ದು ಕಿವಿ. ಎದುರಾಳಿಯ ಅಂಕಣಕ್ಕೆ ದಾಳಿ ಹೋದವನು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಲೇ ತನ್ನ ಗೆರೆಗೆ ಮರಳಬೇಕು. ನಡುವೆ ಉಸಿರು ಮುರಿದರೆ ಔಟ್. ಅದು ಮುರಿದದ್ದನ್ನು ಕೇಳಿ ಕೈ ಎತ್ತುವುದೇ ನಮ್ಮ ಕೆಲಸ. ಉಳಿದದ್ದೆಲ್ಲ ಸುಣ್ಣದ ಗೆರೆ, ಬಿಳಿ ಅಂಗಿ.

ಬಾಗಲಕೋಟೆಯ ನವನಗರದ ತರಬೇತಿ ಶಿಬಿರಕ್ಕೆ ಹೋದಾಗಲೆಲ್ಲ ನಿಮ್ಮಂಥ ಹುಡುಗಿಯರು ಬಂದು, "ಅಕ್ಕೋರ, ಗಂಡಸರ ಆಟಕ್ಕ ಹೆಣ್ಣಮಕ್ಕಳು ರೆಫ್ರಿ ಆಗಿ ಹೆಂಗ ನಿಂತ್ರಿ?" ಎಂದು ಕೇಳುತ್ತೀರಿ. ಕಾಲ ಮೇಲೆ ನಿಂತೆ, ಮತ್ತೇನು! ಬಾದಾಮಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿ ಸೇರಿದವಳು, ಅಲ್ಲಿಯೇ ನಿವೃತ್ತಳಾದೆ. ಬಡ್ತಿ, ಶಾಲು, ಹಾರಗಳ ಕಥೆಯಿಂದ ನೀವು ಕಲಿಯುವುದು ಏನೂ ಇಲ್ಲ. ಕಲಿಯುವುದಿದ್ದರೆ ನಮ್ಮ ಲೀಗಿನಿಂದ, ಅದರಲ್ಲೂ ಅದರ ಕೊನೆಯ ವರ್ಷದಿಂದ. ಅದನ್ನೇ ಬರೆಯುತ್ತೇನೆ.

ಮೊದಲು ನನ್ನ ಗುರುವಿನ ಮಾತು. ಕುಲಕರ್ಣಿ ಸರ್ ಎಂಬವರು ನಮ್ಮ ಮುಖ್ಯ ರೆಫ್ರಿ. ಸಣಕಲು ದೇಹ, ಇಸ್ತ್ರಿ ಮಾಡಿದ ಧೋತರ, ಕೊರಳಲ್ಲಿ ಕಪ್ಪು ದಾರದ ಸೀಟಿ. ನಾನು ಅವರ ಕೈಕೆಳಗೆ ಹೋದ ಮೊದಲ ವಾರ ಸೀಟಿಯನ್ನೇ ಮುಟ್ಟಗೊಡಲಿಲ್ಲ. ಅಂಕಣಕ್ಕೆ ಬೆನ್ನು ಮಾಡಿ ಬೇವಿನ ಗಿಡದತ್ತ ನಿಲ್ಲಿಸಿ, "ಈಗ ಯಾರು ದಾಳಿ ಹೋದಾ? ಉಸಿರು ಎಲ್ಲಿ ಮುರೀತು? ಹೇಳ್ರಿ ಬಾಯಾರ" ಅನ್ನುವರು.

ನನಗೂ ತಲೆ ಕೆಟ್ಟಿತು. "ಬೆನ್ನು ಮಾಡಿ ರೆಫ್ರಿ ಆಗೋದು ಯಾವ ಊರಾಗ ಐತ್ರಿ ಸರ್?" ಅಂದೆ.

"ಕಣ್ಣು ಬಿಟ್ಟೀರಿ ಅಂದ್ರ ಕಿವಿ ಮಲಗ್ತಾವ್ರಿ," ಅಂದರು. "ಮೊದಲ ಕಿವಿ ಎಬ್ಬಸ್ರಿ. ಕಣ್ಣು ತಾವ ಬರ್ತಾವು."

ಹಾಗೆ ಕಲಿತೆ. ಒಬ್ಬೊಬ್ಬನ ಕಬಡ್ಡಿ ಒಂದೊಂದು ಥರ ಎಂದು ಗೊತ್ತಾಯಿತು. ಕೆಲವರು ಮಂತ್ರ ಮಣಮಣಿಸಿದಂತೆ, ಕೆಲವರು ಜಗಳಕ್ಕೆ ಬಂದಂತೆ. ಉಸಿರು ಕದಿಯುವವರದೂ ತಿಳಿಯಿತು. ಜನರ ಕೂಗಾಟ ಏರುವ ಗಳಿಗೆ ನೋಡಿ, ತುಟಿ ಆಡಿಸುತ್ತಲೇ ಮೂಗಿನಿಂದ ಗುಟುಕು ಗಾಳಿ ಎಳೆದುಕೊಂಡು ಮತ್ತೆ ಕಬಡ್ಡಿ ಅನ್ನುತ್ತಾರೆ. ಅಂಥವನಿಗೆ ಉಸಿರುಗಳ್ಳ ಎಂದು ಹೆಸರು. ನಮ್ಮ ಕಡೆ ಆಟಗಾರನಿಗೆ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಅವ್ವ ಅಪ್ಪನ ಮೇಲೆ ಬೈದರೆ ನಕ್ಕುಬಿಡುವ ಹುಡುಗರು ಇದೊಂದು ಮಾತಿಗೆ ಅಂಗಿ ಹಿಡಿಯುತ್ತಿದ್ದರು.

ಇನ್ನು ಲೀಗು. ಬಾಗಲಕೋಟೆ ಹೊಸ ಜಿಲ್ಲೆಯಾದ ಹುರುಪು ಇನ್ನೂ ಆರಿರಲಿಲ್ಲ. ಇಳಕಲ್ಲಿನ ಗ್ರಾನೈಟ್ ಸಾವ್ಕಾರರೊಬ್ಬರು ಮುಂದಾಗಿ, ಇಳಕಲ್, ಹುನಗುಂದ, ಬಾದಾಮಿ, ಬಾಗಲಕೋಟೆ ಎಂದು ನಾಲ್ಕು ತಂಡ ಕಟ್ಟಿಸಿದರು. ಆಟಗಾರರಿಗೆ ಪಗಾರ, ಬಣ್ಣದ ಬನಿಯನ್, ಬೆನ್ನ ಮೇಲೆ ಹೆಸರು. ಆವರೆಗೆ ಬೆಲ್ಲ-ತೆಂಗಿನಕಾಯಿ ಬಹುಮಾನಕ್ಕೆ ಆಡುತ್ತಿದ್ದ ಹುಡುಗರು ಒಮ್ಮೆಲೇ ವೃತ್ತಿ ಆಟಗಾರರಾದರು. ಇದನ್ನು ಹುತುತು ಎಂದೇ ಕರೆಯುತ್ತಿದ್ದ ಮುದುಕರೂ ಲೀಗು ಲೀಗು ಅನ್ನತೊಡಗಿದರು.

ಮೊದಲ ವರ್ಷದ ಮೊದಲ ಆಟದಲ್ಲೇ ಫಜೀತಿ. ಹುನಗುಂದದವರು ತಮ್ಮ ಎರೆಮಣ್ಣಿನ ನೆಲವನ್ನು ಮೆತ್ತಗೆ ಮಾಡಲು ಹೋಗಿ ಟ್ಯಾಂಕರ್ ನೀರು ಹೊಯ್ದಿದ್ದರು. ಎರೆಮಣ್ಣು ಸುಮ್ಮನೆ ಬಿಡುತ್ತದೆಯೇ! ದಾಳಿಗೆ ಹೋದವನ ಪಾದ ರೊಟ್ಟಿ ಹಿಟ್ಟಿನ ಮುದ್ದೆಯಷ್ಟು ದಪ್ಪವಾಗಿ, ಓಡಿ ಬರುವ ಬದಲು ಎತ್ತಿ ಎತ್ತಿ ಇಡುತ್ತ ಬಂದ. ಹಿಡಿಯಲು ಬಂದವರೂ ಅಲ್ಲೇ ಹೂತರು. ಜನ ಬಿದ್ದು ಬಿದ್ದು ನಕ್ಕರು. ಕುಲಕರ್ಣಿ ಸರ್ ನಗಲಿಲ್ಲ. ಆಟ ನಿಲ್ಲಿಸಿ, ಧೋತರ ಎತ್ತಿ ಕಟ್ಟಿ, ತಾವೇ ಸಲಿಕೆ ಹಿಡಿದರು. ನೆಲ ನೋಡದೆ ಸೀಟಿ ಊದಬಾರದು ಎಂದು ನಾನು ಕಲಿತದ್ದು ಆ ದಿನ.

ಆ ವರ್ಷವೇ ಮಹಾಂತೇಶನ ಉಸಿರು ಕೇಳಿದ್ದು. ಇಳಕಲ್ಲಿನ ನೇಕಾರರ ಮನೆಯ ಹುಡುಗ, ಲೀಗಿಗೆ ಬರುವ ಹೊತ್ತಿಗೆ ಮದುವೆಯಾಗಿತ್ತು. ಎತ್ತರವೂ ಅಲ್ಲ, ದಾಂಡಿಗನೂ ಅಲ್ಲ. ಆದರೆ ಅವನ ಕಬಡ್ಡಿ! ಏರಿಲ್ಲ, ಇಳಿವಿಲ್ಲ, ಮಗ್ಗದ ಲಾಳಿ ಅತ್ತ ಇತ್ತ ಹೋದ ಹಾಗೆ ಒಂದೇ ಸಮ. ಬೆನ್ನು ಮಾಡಿ ನಿಂತರೂ ಅವನದೆಂದು ಗುರುತು ಸಿಗುತ್ತಿತ್ತು. ಎಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ, "ಮಗ್ಗದ ಕುಣ್ಯಾಗ ಕುಂತು ಕಲತೇನ್ರಿ ಅಕ್ಕೋರ. ಒಂದ ಉಸಿರಿಗೆ ಎಷ್ಟು ಎಳಿ ಹೊಡೀತೀನಿ ಅಂತ ಗೌರಿ ಕೂಡ ಪೈಪೋಟಿ ಹಚ್ಚತಿದ್ದೆ," ಎಂದು ನಾಚಿಕೊಂಡ. ಗೌರಿ ಎಂದರೆ ಗೌರವ್ವ, ಅವನ ಹೆಂಡತಿ.

ಎರಡನೆಯ ವರ್ಷ ಪದ್ಧತಿ ಬದಲಾಯಿತು. ಮಣ್ಣು ಹೋಗಿ ಮ್ಯಾಟ್ ಬಂತು. ಲಾರಿಯಲ್ಲಿ ತುಂಡು ತುಂಡಾಗಿ ಬಂದ ಹಸಿರು-ಕೆಂಪು ಹಾಸನ್ನು ಜೋಡಿಸಿ ಕೂಡಿಸಬೇಕು. ಬರಿಗಾಲಿನ ಹುಡುಗರು ಬೂಟು ಹಾಕಿಕೊಂಡು ಜಾರಿದರು, ಮೊಣಕಾಲು ಕೆತ್ತಿಕೊಂಡರು. ನನಗೆ ಬೇರೆ ಕಷ್ಟ. ಮಣ್ಣಿನ ಮೇಲೆ ಹೆಜ್ಜೆಯ ಸದ್ದು ಬೇರೆ, ಉಸಿರಿನ ಸದ್ದು ಬೇರೆ. ಮ್ಯಾಟಿನ ಮೇಲೆ ಬೂಟಿನ ಕಿರಿಕಿರಿಯಲ್ಲಿ ಎರಡೂ ಕಲಸಿಹೋಗುತ್ತಿದ್ದವು. ಸಾಲದ್ದಕ್ಕೆ ದಾಳಿ ನಡೆದಾಗಲೇ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಚ್ಚತೊಡಗಿದರು. ಇಳಕಲ್ಲಿನಲ್ಲಿ ಒಮ್ಮೆ ನನಗೆ ರೇಗಿಹೋಯಿತು. ಆಟ ನಿಲ್ಲಿಸಿ ಸಾವ್ಕಾರರ ಕುರ್ಚಿಯ ಮುಂದೆ ಹೋಗಿ ನಿಂತೆ.

"ಹಾಡು ಬಂದ್ ಮಾಡಸ್ರಿ. ನನಗ ಉಸಿರು ಕೇಳವಲ್ದು."

"ಅಕ್ಕೋರ, ಮಂದಿ ಬರೋದ ಹಾಡಿಗೆ," ಎಂದು ಅವರು ನಕ್ಕರು. "ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ."

ಕುಲಕರ್ಣಿ ಸರ್ ಹಿಂದಿನಿಂದ ಬಂದು, "ಉಸಿರು ಕೇಳದಿದ್ರ ಇದು ಕಬಡ್ಡಿ ಅಲ್ರಿ ಸಾವ್ಕಾರ್ರ, ಬರೇ ಓಡ್ಯಾಟ," ಎಂದು ಮೆಲ್ಲಗೆ ಹೇಳಿ, ತಾವೇ ಹೋಗಿ ವೈರು ಕಿತ್ತರು. ಮುಂದಿನ ವಾರ ಹಾಡು ಮತ್ತೆ ಬಂತು. ಅವರೂ ಮತ್ತೆ ಕಿತ್ತರು.

ಆ ಗದ್ದಲದಲ್ಲೇ ಮಹಾಂತೇಶನ ಮೇಲೆ ಮಾತು ಹುಟ್ಟಿತು. ಅವನ ಕಬಡ್ಡಿ ನಡುವೆ ತುಂಡಾಗುತ್ತಿತ್ತು. ಎರಡು ಸಲ ನಾನೇ ಔಟ್ ಕೊಟ್ಟೆ. ಎದುರಾಳಿಗಳು ಬಾಯಿ ತೆಗೆದರು: ಪಗಾರ ಬಂದಮೇಲೆ ಸೊಕ್ಕು ಬಂದಿದೆ, ಹಾಡಿನ ಮರೆಯಲ್ಲಿ ಉಸಿರು ಕದಿಯುತ್ತಾನೆ. ವರ್ಷ ಮುಗಿಯುವುದರೊಳಗೆ ಅವನು ಅಂಕಣಕ್ಕೆ ಇಳಿದರೆ ಸಾಕು, "ಉಸಿರುಗಳ್ಳ ಬಂದ್ನಪೋ" ಎಂಬ ಕೂಗು ಏಳುತ್ತಿತ್ತು. ಅವನು ತಲೆ ತಗ್ಗಿಸಿ ಆಡುತ್ತಿದ್ದ. ಕದಿಯುವವನ ಉಸಿರು ಹಾಗೆ ತುಂಡಾಗುವುದಿಲ್ಲವಲ್ಲ ಎಂದು ನನಗೆ ಒಳಗೊಳಗೇ ಕಸಿವಿಸಿ.

ಮೂರನೆಯದು ಕೊನೆಯ ವರ್ಷ. ಆಗ ನಮಗೆ ಅದು ಕೊನೆಯದೆಂದು ಗೊತ್ತಿರಲಿಲ್ಲ; ಲಕ್ಷಣಗಳು ಕಾಣುತ್ತಿದ್ದವು, ಅಷ್ಟೇ. ಊರೂರಿನ ಜಾಹೀರಾತು ಫಲಕಗಳು ಕಡಿಮೆಯಾದವು. ಟಿವಿಯಲ್ಲಿ ಕ್ರಿಕೆಟ್ ಇದ್ದ ದಿನ ನಮ್ಮ ಕಟ್ಟೆ ಖಾಲಿ. ತಂಡದ ಮಾಲೀಕರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಆದರೂ ಪದ್ಧತಿಯಂತೆ ಆಟ ಸುರುವಾಗುವ ಮುನ್ನ ನಾಲ್ಕೂ ತಂಡಗಳು ಬಾದಾಮಿ ಹತ್ತಿರದ ಮಹಾಕೂಟಕ್ಕೆ ಹೋದವು. ದೇವರಿಗೆ ಕೈ ಮುಗಿದು, ಅಲ್ಲಿನ ಹೊಂಡಕ್ಕೆ ಇಳಿದು, ಎಲ್ಲರೂ ಒಟ್ಟಿಗೆ ನೀರಲ್ಲಿ ಮುಳುಗಬೇಕು. ಕೊನೆಗೆ ಮೇಲೆದ್ದವನನ್ನು ಉಳಿದವರು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿಸಬೇಕು. ಇದನ್ನು ಹುಡುಗರೇ ಮಾಡಿಕೊಂಡಿದ್ದರು. ಹಿಂದಿನ ಎರಡು ವರ್ಷವೂ ಹೆಗಲೇರಿದವನು ಮಹಾಂತೇಶನೇ.

ಗಂಡಸರು ಜಳಕ ಮಾಡುವಲ್ಲಿ ನನ್ನದೇನು ಕೆಲಸ? ನಾನು ಮೇಲಿನ ಕಟ್ಟೆಯಲ್ಲಿ ಬೆನ್ನು ಮಾಡಿ ಕೂತಿದ್ದೆ. ಪಕ್ಕದಲ್ಲಿ ಕುಲಕರ್ಣಿ ಸರ್. ಯಾರೋ ಸೀಟಿ ಊದಿದರು, ದಡಬಡ ಮುಳುಗಿದರು, ನೀರು ಸುಮ್ಮನಾಯಿತು. ಕ್ಷಣವೂ ಆಗಿಲ್ಲ, ಒಂದು ತಲೆ ಮೇಲೆದ್ದ ಸದ್ದು. ಎಳೆದುಕೊಂಡ ಉಸಿರಿನ ಕೊನೆಯಲ್ಲಿ ಸಣ್ಣಗೆ ಕುಂಯ್ ಎಂಬ ಸೀಟಿ, ಆಮೇಲೆ ಕೆಮ್ಮು. ತಿರುಗಿ ನೋಡಲೇ ಬೇಕಾಗಿರಲಿಲ್ಲ.

"ಮಹಾಂತೇಶ," ಅಂದೆ.

"ಹೌದ್ರಿ," ಅಂದರು ಸರ್. ಅವರು ನೋಡುತ್ತಿದ್ದರು. "ನೀರಾಗ ಯಾರೂ ಉಸಿರು ಕದಿಯಾಕ ಬರೂದಿಲ್ಲ, ಬಾಯಾರ."

ಉಳಿದವರು ಎದ್ದು, ಅವನನ್ನು ನೋಡಿ ಹೋ ಎಂದು ನಕ್ಕರು. "ಏನಲೇ ಮಾಂತ್ಯಾ, ಇಲ್ಲಿ ಕದಿಯಾಕ ಆಗಲಿಲ್ಲೇನ?" ಎಂದು ಯಾರೋ ಕೂಗಿದರು. ಅವನೂ ನಕ್ಕ. ಮೈ ಒರೆಸಿಕೊಂಡು ಮೇಲೆ ಬಂದವನನ್ನು ನಾನು ಪಕ್ಕಕ್ಕೆ ಕರೆದೆ.

"ಈಗ ಎಲ್ಲಿ ದುಡ್ಯಾಕ ಹೊಂಟೀ? ಮಗ್ಗ ಬಿಟ್ಟಿ?"

"ಪಾವರ್‌ಲೂಮ್ ಬಂದಮ್ಯಾಲ ಕೈಮಗ್ಗದಾಗ ಇಬ್ಬರ ಹೊಟ್ಟಿ ತುಂಬವಲ್ದರಿ. ಮಗ್ಗ ಗೌರಿ ನಡಸ್ತಾಳ. ನಾ ಲೀಗು ಇಲ್ಲದಾಗ ಕಲ್ಲಿನ ಪಾಲಿಶ್ ಫ್ಯಾಕ್ಟರಿಗೆ ಹೊಕ್ಕೇನ್ರಿ. ನೀರು ಹಾಕದ ಒಣಾ ಕಲ್ಲು ಕೊಯ್ಯೂ ಕೆಲಸ, ಬರೇ ಧೂಳು."

"ಬಾಯಿಗೆ ಅರಿವಿ ಕಟಗೊಂತಿ?"

"ಕಟಗೊಂಡ್ರ ಉಸಿರು ಹಿಡಿತೈತ್ರಿ," ಅಂದ. ಎಂಥ ಮಾತು! ಆಟಗಾರನ ತಲೆಯೇ ಹಾಗೆ. ಉಸಿರು ಬಿಗಿಯಬಾರದು ಎಂದು ಬಾಯಿ ತೆರೆದುಕೊಂಡೇ ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದಿದ್ದ. ಉಸಿರು ಗಟ್ಟಿಯಾಗಲಿ ಎಂದು ಗರಗಸದ ಮುಂದೆ ನಿಂತು ಕಬಡ್ಡಿ ಅಭ್ಯಾಸವನ್ನೂ ಮಾಡುತ್ತಿದ್ದನಂತೆ.

ದವಾಖಾನೆಗೆ ನಡೆ ಎಂದೆ. ಅವನು ಕೈ ಮುಗಿದ. ಸರಕಾರದ ಒಂದು ಇಲಾಖೆಯವರು ಈ ವರ್ಷ ಲೀಗಿನಿಂದ ಆಟಗಾರರನ್ನು ಆರಿಸಿ ಕಾಯಂ ನೌಕರಿಗೆ ತೆಗೆದುಕೊಳ್ಳುತ್ತಾರೆ, ಫೈನಲ್ ನೋಡಲು ಬರುತ್ತಾರೆ, ಅವನ ವಯಸ್ಸಿಗೆ ಇದೇ ಕಡೆಯ ಅವಕಾಶ. "ನೌಕರಿ ಸಿಕ್ರ ಕಲ್ಲು ಬಿಡ್ತೇನ್ರಿ. ಅಲ್ಲೀತನಕ ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕೋರ."

ಧೂಳಿನಿಂದ ಬಿಡಿಸಿಕೊಳ್ಳಲು ಅವನಿಗೆ ಉಸಿರು ಬೇಕು. ಆ ಉಸಿರನ್ನು ಧೂಳು ತಿನ್ನುತ್ತಿತ್ತು. ನಾನು ಅವನ ಮುಗಿದ ಕೈ ಕೆಳಗಿಳಿಸಿದೆ.

"ಹೊರಗ ಯಾರಿಗೂ ಹೇಳೂದಿಲ್ಲ. ಅಂಕಣದಾಗ ಮಾತ್ರ ನನಗ ಕೇಳಿದ್ದು ಕೇಳಿದಂಗ ಹೇಳ್ತೇನಿ, ನೋಡು."

"ಔಟ್ ಕೊಡ್ರಿ," ಅಂದ. "ಕಳ್ಳ ಅಂತ ಅನಸಬ್ಯಾಡ್ರಿ. ಗೌರಿ ಆಟ ನೋಡಾಕ ಬರೂದ ಬಿಟ್ಟಾಳ, ಮಂದಿ ಬಾಯಿ ಕೇಳಲಾರದ."

ಆ ವರ್ಷ ಅವನು ಬುದ್ಧಿಯಿಂದ ಆಡಿದ. ಒಳಗೆ ಹೋದವನೇ ಮುಟ್ಟಿ ಬಂದುಬಿಡುತ್ತಿದ್ದ. ಉಸಿರನ್ನು ಎಳೆಯುವ ದಾಳಿಯೇ ಇಲ್ಲ. ಇಳಕಲ್ ತಂಡ ಹಾಗೇ ಕುಂಟುತ್ತ ಫೈನಲ್‌ಗೆ ಬಂತು. ಎದುರಿಗೆ ಬಾಗಲಕೋಟೆ.

ಫೈನಲ್ ನಡೆದದ್ದು ಹಳೆ ಬಾಗಲಕೋಟೆಯಲ್ಲಿ, ಅಣೆಕಟ್ಟಿನ ಮುಳುಗಡೆಗೆ ಬರೆದುಕೊಟ್ಟಿದ್ದ ಒಂದು ಮೈದಾನದಲ್ಲಿ. ಸುತ್ತಲಿನ ಮನೆಗಳ ಬಾಗಿಲು, ಚೌಕಟ್ಟು, ತೊಲೆ ಎಲ್ಲವನ್ನೂ ಕಿತ್ತು ಹೊಸದಾಗಿ ಕಟ್ಟಿದ ನವನಗರಕ್ಕೆ ಒಯ್ದಾಗಿತ್ತು. ಹಿನ್ನೀರು ಇನ್ನೂ ದೂರವಿತ್ತು, ಗಾಳಿಯಲ್ಲಿ ಮಾತ್ರ ಅದರ ತಂಪು ಬರುತ್ತಿತ್ತು. ಬೇರೆಡೆ ಯಾವ ಮೈದಾನವನ್ನೂ ಲೀಗಿನವರಿಗೆ ಕೊಡುವವರಿರಲಿಲ್ಲ. ಮ್ಯಾಟ್ ಬರಲಿಲ್ಲ, ದೀಪವೂ ಬರಲಿಲ್ಲ. ಕುಲಕರ್ಣಿ ಸರ್ ಮುಂಜಾನೆಯೇ ಬಂದು ಮಣ್ಣು ಜರಡಿ ಹಿಡಿಸಿ, ನೀರು ಚಿಮುಕಿಸಿ, ಸುಣ್ಣ ಎಳೆಸಿದ್ದರು. "ಕಡೀ ಆಟ ಮಣ್ಣಾಗ ಆತು, ಛಲೋ ಆತು," ಅಂದರು. ಅವರ ದನಿ ಎಂದಿನಂತಿರಲಿಲ್ಲ.

ಹಾಳು ಬಿದ್ದ ಓಣಿಗಳ ಜನ ನವನಗರದಿಂದ ಬಸ್ಸು ಹತ್ತಿ ಬಂದಿದ್ದರು. ಆಟ ನೋಡಲು ಬಂದರೋ, ತಮ್ಮ ಮನೆಯ ಗೋಡೆ ನೋಡಲು ಬಂದರೋ ಗೊತ್ತಿಲ್ಲ. ಸಾಲು ಕುರ್ಚಿಯಲ್ಲಿ ಇಲಾಖೆಯ ಆಯ್ಕೆಯವರು ಕೂತಿದ್ದರು. ಹೆಂಗಸರ ಕಡೆ ಗೌರವ್ವ ಬಂದಿದ್ದಳು. ತಾನೇ ನೇಯ್ದ ಕಪ್ಪು ಚಂದ್ರಕಾಳಿ ಸೀರೆ ಉಟ್ಟು, ಕೆಂಪು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಹೊತ್ತು ಮುಳುಗುತ್ತ ಬಂದಿತ್ತು. ಕೊನೆಯ ದಾಳಿ, ಇಳಕಲ್ ಒಂದು ಅಂಕ ಹಿಂದೆ. ಮಹಾಂತೇಶ ಗೆರೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದ. ಮಣ್ಣಿನ ಮೇಲೆ ಅವನ ಕಬಡ್ಡಿ ಮೊದಲ ವರ್ಷದಂತೆಯೇ ಕೇಳಿತು, ಒಂದೇ ಸಮ. ನನ್ನ ಕಣ್ಣು ತುಂಬಿತು. ಎಡಕ್ಕೆ ಬಾಗಿ ಒಬ್ಬನನ್ನು ಮುಟ್ಟಿದ, ಹೊರಳಿ ಇನ್ನೊಬ್ಬನನ್ನು. ಮೂಲೆಯವನು ಪಾದ ಹಿಡಿದ. ಮಹಾಂತೇಶ ಅವನನ್ನು ಎಳೆದುಕೊಂಡೇ ತೆವಳಿದ, ಕೈ ಚಾಚಿದ. ಗೆರೆ ಇನ್ನೂ ಗೇಣು ದೂರ ಇರುವಾಗ ಒಳಗೆ ಕುಂಯ್ ಎಂದು ಅದೇ ಸದ್ದು. ಕಬಡ್ಡಿ ಮುರಿಯಿತು. ಆಮೇಲೆ ಅವನ ಬೆರಳು ಗೆರೆ ಮುಟ್ಟಿತು.

ಇಳಕಲ್ಲಿನವರು ಗೆದ್ದೆವೆಂದು ಒಳಗೆ ನುಗ್ಗಿದರು. ನಾನು ಸೀಟಿ ಊದಿ ಕೈ ಎತ್ತಿದೆ. ಔಟ್.

ಏನು ಬೈಗುಳ, ಏನು ಮಣ್ಣು ತೂರಾಟ! ಇಳಕಲ್ಲಿನವರು ನನ್ನ ಹೆತ್ತವರನ್ನೆಲ್ಲ ನೆನೆದರು. ಅದು ನನಗೆ ರೂಢಿ. ಆದರೆ ಬಾಗಲಕೋಟೆಯ ಕಡೆಯಿಂದ ಕೂಗು ಎದ್ದಿತು: "ಕಳ್ಳ! ಉಸಿರುಗಳ್ಳ! ಫೈನಲ್‌ದಾಗೂ ಕದ್ದಾ!" ಇಡೀ ಮೈದಾನ ಅದನ್ನೇ ಹಿಡಿಯಿತು. ಮಹಾಂತೇಶ ಮಣ್ಣಿನಿಂದ ಏಳಲೇ ಇಲ್ಲ. ಗೌರವ್ವ ಕಿವಿ ಮುಚ್ಚಿಕೊಂಡಳು.

ರೆಫ್ರಿ ಸೀಟಿ ಊದಬೇಕು, ಕೈ ಎತ್ತಬೇಕು, ಬಾಯಿ ತೆರೆಯಬಾರದು. ಇದು ಕುಲಕರ್ಣಿ ಸರ್ ಕಲಿಸಿದ ಮೊದಲ ಪಾಠ. ನಾನು ಹೋಗಿ ಮೈಕು ಕಸಿದುಕೊಂಡೆ.

"ಬಾಯಿ ಮುಚ್ರಿ ಎಲ್ಲಾರೂ! ಈ ಹುಡುಗ ಉಸಿರು ಕದ್ದಿಲ್ಲ. ಎಂದೂ ಕದ್ದಿಲ್ಲ. ಅಂವನ ಉಸಿರು ಮುರದೈತಿ. ಕಲ್ಲಿನ ಧೂಳು ಕುಡದು ಮುರದೈತಿ. ನಾ ಮೂರು ವರ್ಷ ಕೇಳೀನಿ. ಕಳ್ಳ ಅಂದವ್ರು ಇಲ್ಲಿ ಬಂದು ನನ್ನ ಮುಂದ ಅನ್ರಿ!"

ಯಾರೂ ಬರಲಿಲ್ಲ. ಆಯ್ಕೆಯವರಲ್ಲಿ ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ, ಪೆನ್ನಿನ ಮುಚ್ಚಳ ಹಾಕಿದ್ದನ್ನು ನಾನು ನೋಡಿದೆ. ಬರೀ ಔಟ್ ಅಂದಿದ್ದರೆ ಅವನು ಇಬ್ಬರನ್ನು ಮುಟ್ಟಿದ ಬಗೆ ನೋಡಿ ಅವರು ತೆಗೆದುಕೊಳ್ಳುತ್ತಿದ್ದರೇನೋ. ಎದೆ ಕೆಟ್ಟವನಿಗೆ ಯಾರು ನೌಕರಿ ಕೊಡುತ್ತಾರೆ?

ಗೌರವ್ವ ನೇರ ನನ್ನೆದುರಿಗೆ ಬಂದಳು. "ಮಂದಿ ಕಳ್ಳ ಅಂದ್ರ ಅಂತಿದ್ರು ಬಿಡ್ರಿ! ನೌಕರಿ ಸಿಗತಿತ್ತು, ಕಲ್ಲು ಬಿಡತಿದ್ರು. ಯಾವ ಜನ್ಮದ ಸೇಡು ತೀರಿಸಿಕೊಂಡ್ರಿ ಅಕ್ಕೋರ?"

"ಗೌರಿ, ಸುಮ್ಮನಿರು," ಅಂದ ಮಹಾಂತೇಶ, ಕೂತಲ್ಲಿಂದಲೇ. "ನಾನ ಕೇಳ್ಕೊಂಡಿದ್ದೆ."

ಕುಲಕರ್ಣಿ ಸರ್ ನನ್ನ ಕೈಯಿಂದ ಮೈಕು ತೆಗೆದು ಕೆಳಗಿಟ್ಟರು. "ನಿಯಮದಾಗ ಇಲ್ರಿ ಇದು," ಅಂದರು. ವೈರು ಸುತ್ತುತ್ತ, "ಆದ್ರ ಖರೆ ಐತಿ," ಅಂದರು.

ನಾನು ತಪ್ಪು ಮಾಡಿದೆ ಎಂದು ಇವತ್ತಿಗೂ ಅನಿಸಿಲ್ಲ. ಗೌರವ್ವ ಹೇಳಿದ್ದೂ ತಪ್ಪಲ್ಲ. ಈ ಕೆಲಸದಲ್ಲಿ ಇಂಥದ್ದು ಬರುತ್ತದೆ, ಬಂದಾಗ ಸಹಿಸಿಕೊಳ್ಳಬೇಕು.

ಲೀಗು ಅಲ್ಲಿಗೆ ಮುಗಿಯಿತು. ಯಾರೂ ಮುಚ್ಚಿದೆವೆಂದು ಹೇಳಲಿಲ್ಲ; ಮರುವರ್ಷ ಯಾರೂ ಕರೆಯಲಿಲ್ಲ, ಅಷ್ಟೇ. ಆ ಮೈದಾನಕ್ಕೆ ನೀರು ಬಂತು. ಮ್ಯಾಟಿನ ತುಂಡುಗಳು ಯಾರ ಯಾರದೋ ಹಿತ್ತಲಲ್ಲಿ ದನದ ಕಾಲಡಿ ಬಿದ್ದಿದ್ದನ್ನು ನಾನೇ ಕಂಡೆ.

ಫೈನಲ್ ಮುಗಿದ ವಾರವೇ ಮಹಾಂತೇಶನನ್ನು ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎದೆಯಲ್ಲಿ ಕೂತ ಕಲ್ಲಿನ ಧೂಳು ಇನ್ನು ಹೊರಗೆ ಬರುವುದಿಲ್ಲ, ಹೊಸದು ಹೋಗದಂತೆ ನೋಡಿಕೊಳ್ಳಬಹುದು, ಅಷ್ಟೇ ಎಂದರು. ಅವನು ಫ್ಯಾಕ್ಟರಿ ಬಿಟ್ಟ. ಮಗ್ಗದ ಕುಣಿಯಲ್ಲಿ ಮತ್ತೆ ಕೂತ. ಅವನಿಗೆ ಆಯಾಸವಾದಾಗ ಗೌರವ್ವ ಕುಣಿಗೆ ಇಳಿಯುವಳು. ತಾಲೂಕು ಮಟ್ಟದ ಆಟಗಳಿಗೆ ಅವನನ್ನು ಅಂಪೈರ್ ಆಗಿ ಕರೆಸಿಕೊಂಡೆ. ಕುರ್ಚಿ ಹಾಕಿಸಿ ಕೂರಿಸಿದರೆ ಸಾಕು, ಹುಡುಗರ ಉಸಿರನ್ನು ಅಷ್ಟು ಪ್ರೀತಿಯಿಂದ ಕೇಳುವವನನ್ನು ನಾನು ಮತ್ತೆ ಕಂಡಿಲ್ಲ. ಅವನನ್ನು ಕಳ್ಳ ಎಂದು ಆಮೇಲೆ ಯಾರೂ ಅನ್ನಲಿಲ್ಲ. ಗೌರವ್ವ ಮಾತ್ರ ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಒಂದು ದಿನ ಅವನನ್ನು ಮನೆಗೆ ಬಿಡಲು ಹೋದಾಗ, ಚಾದ ಬಟ್ಟಲು ತಂದು ನನ್ನ ಮುಂದಿಟ್ಟಳು. ಅದನ್ನು ಕುಡಿಯುವಾಗ ನನಗೆ ಅಳು ಬಂತು.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಅವನು ದವಾಖಾನೆ ಸೇರಿದ. ಒಂದು ಮಧ್ಯಾಹ್ನ ನೋಡಲು ಹೋದೆ. ಕಣ್ಣು ಮುಚ್ಚಿ ಮಲಗಿದ್ದ. ಗೌರವ್ವ ಅವನ ಕಾಲ ಬಳಿ ಕೂತು, ಪಾದ ಒತ್ತುತ್ತ, ಮಗ್ಗದ ಸುದ್ದಿ ಹೇಳುತ್ತಿದ್ದಳು.

"ಸೆರಗಿನ ಎಳಿ ಎಲ್ಲಾ ಸೀರಿ ಮೈಯಿನ ಎಳಿಗೆ ಕೊಂಡಿ ಹಾಕಿ ಕೂಡಿಸೇನ್ರಿ. ಒಂದೂ ಹರೀಲಿಲ್ಲ. ದಡಿಗೆ ಯಾವ ಬಣ್ಣ ಹಾಕ್ಲಿ, ಹೇಳ್ರಿ. ಹಸರು ಹಾಕ್ಲಿ? ಮೊದಲನೇ ವರ್ಷದ ನಿಮ್ಮ ಬನಿಯನ್ ಇತ್ತಲ್ರಿ, ಅಂಥಾ ಹಸರು..."

ನಾನು ತಲೆಯ ಬಳಿ ನಿಂತಿದ್ದೆ. ಆ ಉಸಿರು ನನಗೆ ಗೊತ್ತಿದ್ದ ಉಸಿರು. ಹೋಯಿತು, ಬಂತು. ಕೊನೆಯಲ್ಲಿ ಕುಂಯ್ ಎಂಬ ಸದ್ದು. ಮತ್ತೆ ಹೋಯಿತು. ಬರಲಿಲ್ಲ.

ಇಷ್ಟು ವರ್ಷದ ರೂಢಿ, ನನ್ನ ಬಲಗೈ ತಾನಾಗಿ ಮೇಲೇಳುತ್ತಿತ್ತು. ಎಡಗೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಗೌರವ್ವನಿಗೆ ಇನ್ನೂ ಗೊತ್ತಾಗಿರಲಿಲ್ಲ. ಹಸಿರು ದಡಿಯ ಸೀರೆಯನ್ನು ಯಾವ ಹಬ್ಬಕ್ಕೆ ಉಡುತ್ತೇನೆ, ಅವನು ಮನೆಗೆ ಬಂದಮೇಲೆ ಯಾವ ಅಡಿಗೆ ಮಾಡುತ್ತೇನೆ ಎಂದು ಅವನ ಪಾದ ಒತ್ತುತ್ತಲೇ ಹೇಳುತ್ತಿದ್ದಳು. ಅವಳ ಮಾತು ಮುಗಿಯುವ ತನಕ ನಾನು ಬಾಯಿ ತೆರೆಯಲಿಲ್ಲ.